ಇಂಗ್ಲಿಷಿನ ತುಮನ್ನಂತವೂ ಭಾವನಾಮವೂ

ಇಂಗ್ಲಿಷಿನಲ್ಲಿ ‘ಹೋಪ್’ ಎಂಬ ಕ್ರಿಯಾಪದವು ‘ಟು’ ಸಹಿತವಾದ ತುಮನ್ನಂತವನ್ನೂ ‘ಎಂಜಾಯ್’ ಎಂಬುದು ‘ಇಂಗ್’ ಪ್ರತ್ಯಯಾಂತವಾದ ಭಾವನಾಮವನ್ನೂ ಅಪೇಕ್ಷಿಸುವುವು. ಇದು ಕೇವಲ ರೂಢಿಯೆಂದು ಬೋಧಿಸುವುದುಂಟು. ಆದರೆ ಚರಿತ್ರೆಯು ಇದಕ್ಕೆ ಕೆಲಮಟ್ಟಿಗೆ ಕಾರಣವನ್ನು ತೋರಿಸುತ್ತದೆ.

ಪ್ರಾಚೀನ ಇಂಗ್ಲಿಷಿನ ತುಮನ್ನಂತಕ್ಕೆ ಎರಡು ರೂಪಗಳಿದ್ದುವು: ‘ಅನ್’ ಎಂದು ಮುಗಿಯುವ ಕೇವಲರೂಪವೊಂದು, ‘ಟೋ’ ಶಬ್ದದೊಡನೆ ‘ಅನ್ನೆ’ ಅಥವಾ ‘ಎನ್ನೆ’ ಎಂದು ಮುಗಿಯುವ ಚತುರ್ಥ್ಯಂತರೂಪ ಮತ್ತೊಂದು. ಎರಡನೆಯದು ಬಹುಶಃ ಉದ್ದೇಶವನ್ನು ಸೂಚಿಸುತ್ತಿದ್ದಿತು. ಮಧ್ಯಕಾಲದಲ್ಲಿ ಅಂತ್ಯಪ್ರತ್ಯಯಗಳು ಸವೆಯಲು ‘ಟು’ ಎಂಬುದೇ ಗುರುತಾಗಿ ಉಳಿಯಿತು. ‘ಇಂಗ್’ ಆದರೋ ಮೂಲತಃ ನಾಮಪ್ರತ್ಯಯ. ವರ್ತಮಾನ ಕೃದಂತದ ‘ಎಂಡೆ’ಯೂ ಕಾಲಕ್ರಮದಲ್ಲಿ ಇದೇ ರೂಪವನ್ನು ತಾಳಿತು, ಭಾವನಾಮವೂ ಕ್ರಿಯೆಯಂತೆ ಕರ್ಮವನ್ನು ನೇರವಾಗಿ ಪಡೆಯತೊಡಗಿತು.

ಈ ಸಂಕರವನ್ನು 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತನು ಆಕ್ಷೇಪಿಸಿದನು. ‘ಇಂಗ್’ ಪದದ ಹಿಂದೆ ‘ದಿ’ ಇದ್ದರೆ ಅನಂತರ ‘ಆಫ್’ ಇರಬೇಕು, ಇಲ್ಲವೆ ಎರಡನ್ನೂ ಬಿಡಬೇಕು ಎಂಬುದು ಅವನ ವಿಧಿ.

‘ರಿಮೆಂಬರ್’ ಎಂಬುದರ ಅನಂತರ ‘ಟು’ ಬಂದರೆ ಮಾಡಬೇಕಾದ ಕಾರ್ಯ, ‘ಇಂಗ್’ ಬಂದರೆ ಮಾಡಿದ ಕಾರ್ಯ. ಹಳೆಯ ಉದ್ದೇಶಾರ್ಥದ ನೆರಳು ಇಲ್ಲಿ ಸ್ಪಷ್ಟ. ಆದರೂ ‘ಸಜೆಸ್ಟ್’ ಎಂಬುದು ಮುಂದಿನ ಕಾರ್ಯವನ್ನು ಕುರಿತಿದ್ದರೂ ‘ಇಂಗ್’ ರೂಪವನ್ನೇ ಬಯಸುತ್ತದೆ. ಆದುದರಿಂದ ಬೋಧಕನಿಗೆ ಚರಿತ್ರೆಯು ದಾರಿದೀಪವೇ ಹೊರತು ರೂಢಿಯನ್ನು ಮೀರಲು ಅಪ್ಪಣೆಯಲ್ಲ.