ಕರುಣ್ ನಾಯರ್ ಅಸ್ಥಿರ ಆಟಗಾರರೇ? ಎಂಟು ಇನಿಂಗ್ಸ್‌ಗಳ ಮರುಲೆಕ್ಕ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಫಾರ್ವರ್ಡ್ ಒಂದು ದಿನ ಮೂವತ್ತು ಅಂಕ ಗಳಿಸಿ ಮರುದಿನ ಆರಕ್ಕೇ ನಿಂತರೆ ಅವನ ಋತುವನ್ನು ಅಳೆಯುವುದು ಹೇಗೆ ಎಂಬ ಚರ್ಚೆ ಅಮೆರಿಕದಲ್ಲಿ ಹಳೆಯದು. ಎನ್‌ಬಿಎ ಋತುವಿನಲ್ಲಿ ತಂಡವೊಂದಕ್ಕೆ 82 ಲೀಗ್ ಪಂದ್ಯಗಳಿವೆ. ಎಸೆದ ಚೆಂಡೆಷ್ಟು, ಬುಟ್ಟಿಗೆ ಬಿದ್ದದ್ದೆಷ್ಟು, ಅಂಕಣದಲ್ಲಿದ್ದ ನಿಮಿಷಗಳೆಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಎಸೆತ ತಪ್ಪಿದರೆ ಮುಂದಿನ ನಿಮಿಷವೇ ಇನ್ನೊಂದು ಅವಕಾಶ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಇದೇ ಪ್ರಶ್ನೆ ಏಳುವುದು ಕ್ರಿಕೆಟ್ಟಿನ ಮಾತಿನಲ್ಲಿ. ಕ್ರಿಕೆಟ್ಟಿನಲ್ಲಿ ಬ್ಯಾಟರ್ ಒಮ್ಮೆ ಔಟಾದರೆ ಆ ಇನಿಂಗ್ಸ್ ಮುಗಿಯಿತು, ಸರಣಿಯಲ್ಲಿ ಸಿಗುವ ಇನಿಂಗ್ಸ್‌ಗಳೂ ಬೆರಳೆಣಿಕೆಯಷ್ಟೇ. ಆದರೂ ‘ಸ್ಥಿರತೆ ಇಲ್ಲ’ ಎಂಬ ತೀರ್ಪು ಬಹಳ ಬೇಗ ಹೊರಬೀಳುತ್ತದೆ. ಕರ್ನಾಟಕದ ಕರುಣ್ ನಾಯರ್ ಅವರ 2025ರ ಇಂಗ್ಲೆಂಡ್ ಸರಣಿಯನ್ನು ಮುಂದಿಟ್ಟುಕೊಂಡು ಆ ತೀರ್ಪನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಹಿನ್ನೆಲೆ. 2015ರ ಮಾರ್ಚ್‌ನಲ್ಲಿ ತಮಿಳುನಾಡಿನ ವಿರುದ್ಧದ ರಣಜಿ ಫೈನಲ್‌ನಲ್ಲಿ ಕರುಣ್ 328 ರನ್ ಗಳಿಸಿದರು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಗಳಿಸಿ, ವೀರೇಂದ್ರ ಸೆಹ್ವಾಗ್ ನಂತರ ಟೆಸ್ಟ್ ತ್ರಿಶತಕ ಹೊಡೆದ ಎರಡನೆಯ ಭಾರತೀಯರಾದರು. ಮರುವರ್ಷ ಆಸ್ಟ್ರೇಲಿಯಾ ಸರಣಿಯಲ್ಲಿ 26, 0, 23, 5. ಅಲ್ಲಿಂದ ಎಂಟು ವರ್ಷ ಟೆಸ್ಟ್ ತಂಡದ ಬಾಗಿಲು ಮುಚ್ಚಿತು. ಕರ್ನಾಟಕ ತಂಡದಲ್ಲೂ ಜಾಗ ಹೋಯಿತು, 2023ರಲ್ಲಿ ವಿದರ್ಭ ಸೇರಿದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಅವರು ಆಡಿದ್ದನ್ನು ನೋಡಿ: ಎಂಟು ಇನಿಂಗ್ಸ್, 779 ರನ್, ಐದು ಶತಕ, ಔಟಾದದ್ದು ಎರಡೇ ಸಲ. ಫೈನಲ್‌ನಲ್ಲಿ 27ಕ್ಕೆ ಔಟಾದರು, ಕಪ್ ಗೆದ್ದದ್ದು ಕರ್ನಾಟಕ. ಅದೇ ಋತುವಿನ ರಣಜಿಯಲ್ಲಿ ನಾಲ್ಕು ಶತಕಗಳೊಂದಿಗೆ 863 ರನ್ ಗಳಿಸಿದರು. ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ಟ್ರೋಫಿ ವಿದರ್ಭಕ್ಕೆ. ಇಂಥ ಋತುವನ್ನು ಆಯ್ಕೆಗಾರರು ಕಡೆಗಣಿಸುವಂತಿರಲಿಲ್ಲ.

ಈಗ ಇಂಗ್ಲೆಂಡಿಗೆ ಬರೋಣ. ನಾಲ್ಕು ಟೆಸ್ಟ್‌ಗಳಲ್ಲಿ ಅವರ ಇನಿಂಗ್ಸ್‌ಗಳು ಕ್ರಮವಾಗಿ 0, 20, 31, 26, 40, 14, 57, 17. ಒಟ್ಟು 205 ರನ್, ಸರಾಸರಿ 25.62. ಓಲ್ಡ್ ಟ್ರಾಫರ್ಡ್ ಟೆಸ್ಟ್‌ಗೆ ಅವರನ್ನು ಕೈಬಿಡಲಾಯಿತು, ಓವಲ್‌ಗೆ ಮತ್ತೆ ಕರೆಸಲಾಯಿತು. ಸರಣಿ ಮುಗಿದ ಮೇಲೆ ತವರಿನಲ್ಲಿ ನಡೆದ ವೆಸ್ಟ್ ಇಂಡೀಸ್ ಸರಣಿಗೆ ಅವರ ಹೆಸರಿರಲಿಲ್ಲ.

ಈ ಎಂಟು ಅಂಕಿಗಳನ್ನು ಹಿರಿದರಿಂದ ಕಿರಿದಿಗೆ ಜೋಡಿಸಿದರೆ ಮಧ್ಯಾಂಕ 23. ಸರಾಸರಿಗೂ ಮಧ್ಯಾಂಕಕ್ಕೂ ಅಂತರ ಮೂರು ರನ್ ಕೂಡ ಇಲ್ಲ. ಎಂಟರಲ್ಲಿ ಆರು ಇನಿಂಗ್ಸ್ 14 ಮತ್ತು 40ರ ನಡುವೆಯೇ ಮುಗಿದಿವೆ. ಪ್ರೌಢಶಾಲೆಯ ಗಣಿತದಲ್ಲಿ ಕಲಿಸುತ್ತಿದ್ದ ಮಾರ್ಪಿನ ಗುಣಾಂಕವನ್ನು, ಅಂದರೆ ಅಂಕಿಗಳ ಏರಿಳಿತ (ಮಾನಕ ವಿಚಲನೆ) ಸರಾಸರಿಯ ಶೇಕಡ ಎಷ್ಟು ಎಂಬುದನ್ನು, ಲೆಕ್ಕ ಹಾಕಿದೆ: ಸುಮಾರು 63. ಗುಣಾಂಕ ಕಡಿಮೆಯಿದ್ದಷ್ಟೂ ಆಟ ಸ್ಥಿರ ಎಂಬುದು ನಿಯಮ.

ಹೋಲಿಕೆಗೆ ಅದೇ ಸರಣಿಯ ನಾಯಕ ಶುಭಮನ್ ಗಿಲ್ ಅವರನ್ನು ತೆಗೆದುಕೊಂಡೆ. 147, 8, 269, 161, 16, 6, 12, 103, 21, 11. ಒಟ್ಟು 754 ರನ್, ಸರಾಸರಿ 75.40, ಸರಣಿಯಲ್ಲಿ ಎಲ್ಲರಿಗಿಂತ ಹೆಚ್ಚು. ಆದರೆ ಮಧ್ಯಾಂಕ 18.5, ಅಂದರೆ ಕರುಣ್ ಅವರದಕ್ಕಿಂತ ಕಡಿಮೆ. ಹತ್ತರಲ್ಲಿ ಆರು ಇನಿಂಗ್ಸ್ 21ನ್ನು ದಾಟಿಲ್ಲ. ಮಾರ್ಪಿನ ಗುಣಾಂಕ 115ರ ಹತ್ತಿರ. ಗಣಿತದ ಅರ್ಥದಲ್ಲಿ ಆ ಸರಣಿಯ ಅಸ್ಥಿರ ಬ್ಯಾಟರ್ ಗಿಲ್, ಸ್ಥಿರ ಬ್ಯಾಟರ್ ಕರುಣ್! ಗಿಲ್ ಅವರನ್ನು ಅಸ್ಥಿರ ಎಂದು ಯಾರೂ ದೂರುವುದಿಲ್ಲ, ದೂರಲೂಬಾರದು. ನಾಲ್ಕು ದೊಡ್ಡ ಇನಿಂಗ್ಸ್‌ಗಳು ಉಳಿದ ಆರರ ಸಾಲವನ್ನೆಲ್ಲ ತೀರಿಸಿ ಮಿಗುತ್ತವೆ.

ನನ್ನ ವಾದ ಇಲ್ಲಿದೆ. ಕರುಣ್ ಅವರ ಮೇಲೆ ಹೊರಿಸಿದ ದೋಷದ ಹೆಸರೇ ತಪ್ಪು. ಅವರು ಏರಿಳಿದವರಲ್ಲ, ನಡುವೆಯೇ ನಿಂತವರು. ಸೊನ್ನೆಗೆ ಔಟಾದದ್ದು ಒಂದೇ ಸಲ. ಮಿಕ್ಕಂತೆ ಕ್ರೀಸ್‌ನಲ್ಲಿ ನೆಲೆಯೂರಿ, ಹೊಸ ಚೆಂಡಿನ ಕಷ್ಟವನ್ನೂ ಅನೇಕ ಸಲ ಕಳೆದು, ಇನ್ನು ರನ್ ಬರುತ್ತದೆ ಎನ್ನುವಾಗ ವಿಕೆಟ್ ಒಪ್ಪಿಸಿದರು. ಈ ಎರಡು ದೋಷಗಳಿಗೆ ಮದ್ದು ಬೇರೆ ಬೇರೆ. ಆರಂಭದಲ್ಲೇ ಔಟಾಗುವವನಿಗೆ ತಂತ್ರದ ತಿದ್ದುಪಡಿ ಬೇಕು. ಮೂವತ್ತರಲ್ಲಿ ಔಟಾಗುವವನಿಗೆ ಬೇಕಾದದ್ದು ದೀರ್ಘ ಇನಿಂಗ್ಸ್‌ನ ಏಕಾಗ್ರತೆ. ಎರಡು ತ್ರಿಶತಕ ಹೊಡೆದವರಲ್ಲಿ ಅದು ಇಲ್ಲವೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಹೆಡಿಂಗ್ಲೆಯಲ್ಲಿ ಆರನೇ ಕ್ರಮಾಂಕ, ಎಜ್‌ಬಾಸ್ಟನ್ ಮತ್ತು ಲಾರ್ಡ್ಸ್‌ನಲ್ಲಿ ಮೂರು, ಓವಲ್‌ನ ಮೊದಲ ಇನಿಂಗ್ಸ್‌ನಲ್ಲಿ ಐದು, ಹೀಗೆ ಜಾಗ ಬದಲಾಗುತ್ತಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರನ್‌ಗಳ ತೂಕವೂ ಒಂದೇ ಅಲ್ಲ. ಎಜ್‌ಬಾಸ್ಟನ್‌ನ ಮೊದಲ ಇನಿಂಗ್ಸ್‌ನಲ್ಲಿ ಭಾರತ 587 ಗಳಿಸಿದಾಗ ಅವರ 31 ಅದರಲ್ಲಿ ಶೇ 5ರಷ್ಟು ಮಾತ್ರ. ಓವಲ್‌ನಲ್ಲಿ ಭಾರತ 224ಕ್ಕೆ ಆಲೌಟಾದಾಗ ಅವರ 57 ಕಾಲುಭಾಗ, ತಂಡದಲ್ಲೇ ಅತಿ ಹೆಚ್ಚು. ಆ ಪಂದ್ಯವನ್ನು ಭಾರತ ಗೆದ್ದದ್ದು 6 ರನ್‌ಗಳಿಂದ, ಸರಣಿ 2-2ರಲ್ಲಿ ಸಮವಾಯಿತು. ಸರಾಸರಿಯ ಲೆಕ್ಕದಲ್ಲಿ ಆ 57ಕ್ಕೆ ವಿಶೇಷ ಸ್ಥಾನವಿಲ್ಲ.

ಅವರ ಹತ್ತು ಟೆಸ್ಟ್‌ಗಳ ಒಟ್ಟು ಲೆಕ್ಕ ಸರಾಸರಿಯ ಮಿತಿಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 15 ಇನಿಂಗ್ಸ್, 579 ರನ್, ಸರಾಸರಿ 41.35. ಮಧ್ಯಾಂಕ 20. 303ನ್ನು ತೆಗೆದಿಟ್ಟರೆ ಸರಾಸರಿ 19.71ಕ್ಕೆ ಇಳಿಯುತ್ತದೆ. ಆ ಒಂದು ಇನಿಂಗ್ಸನ್ನು ತೆಗೆದಿಟ್ಟು ಮಾತಾಡುವುದೂ ಅನ್ಯಾಯ, ಅದೊಂದನ್ನೇ ಹಿಡಿದು ಮಾತಾಡುವುದೂ ಅನ್ಯಾಯ. ಇಂಗ್ಲೆಂಡ್‌ನಲ್ಲಿ ಶತಕವಿಲ್ಲದ ಸರಣಿಯ ನಂತರ ಅವರ ಜಾಗ ಅಲುಗಿದ್ದರಲ್ಲಿ ಆಶ್ಚರ್ಯವಿಲ್ಲ. ಎಂಟು ಇನಿಂಗ್ಸ್‌ಗಳ ಆಧಾರದ ಮೇಲೆ ಅಸ್ಥಿರ ಎಂಬ ಹಣೆಪಟ್ಟಿ ಕಟ್ಟುವುದನ್ನು ಮಾತ್ರ ಅಂಕಿಗಳು ಸಮರ್ಥಿಸುವುದಿಲ್ಲ. 2025-26ರಲ್ಲಿ ಅವರು ಮತ್ತೆ ಕರ್ನಾಟಕಕ್ಕೆ ಆಡಲು ಬಂದರು.

ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಿಗೆ ತಂಡ ಆರಿಸುವ ನಮ್ಮ ಮೂರೂ ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಕಬಡ್ಡಿಯ ರೈಡರ್ ಆಗಲಿ, ಕ್ರಿಕೆಟ್ ಆಡುವ ಹುಡುಗಿಯಾಗಲಿ, ಒಟ್ಟು ಅಂಕವನ್ನಷ್ಟೇ ಬರೆದಿಡಬೇಡಿ. ಪ್ರತಿ ಪಂದ್ಯದ ಅಂಕ, ಎದುರಾಳಿ ಯಾರು, ಎಷ್ಟು ರೈಡ್ ಸಿಕ್ಕಿತು, ಯಾವ ಕ್ರಮಾಂಕದಲ್ಲಿ ಆಡಿಸಿದಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳಿ. ಮಗುವನ್ನು ತಂಡದಿಂದ ಕೈಬಿಡುವ ಮುನ್ನ ಆ ಪುಟವನ್ನೊಮ್ಮೆ ತೆರೆದು ನೋಡಿ.