ಅಂಕಿಯಲ್ಲಿ ಬರೆದ ಕನ್ನಡ

ನೆಲಮಂಗಲ ತಾಲ್ಲೂಕಿನ ಒಂದು ಊರು ದೊಡ್ಡಬೆಲೆ. ಅಲ್ಲಿನ ಧರಣೇಂದ್ರ ಪಂಡಿತರ ಮನೆಯಲ್ಲಿತ್ತು ಕುಮುದೇಂದು ಎಂಬ ಜೈನ ಮುನಿಯ ‘ಸಿರಿಭೂವಲಯ’ ಕಾವ್ಯದ ಪ್ರತಿ. ಅದರ ಚಕ್ರಗಳಲ್ಲಿ ಅಕ್ಷರವೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆ, ಮನೆಗೊಂದು ಅಂಕಿ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಆಯುಷ್ಯವನ್ನೇ ಇದಕ್ಕೆ ಸವೆಸಿದರು. ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರು ಕೈಜೋಡಿಸಿ, 1953ರಲ್ಲಿ ಮೊದಲ ಭಾಗ ಅಚ್ಚಾಯಿತು. ಅಂದಿನಿಂದ ಇದನ್ನು ಗುಪ್ತಲಿಪಿಯ ಅದ್ಭುತವೆಂದೇ ಹೊಗಳುತ್ತ ಬಂದಿದ್ದೇವೆ. ಆ ಹೊಗಳಿಕೆಯಿಂದ ಕೃತಿಗೆ ಅನ್ಯಾಯವಾಗಿದೆ ಎನ್ನುವುದು ನನ್ನ ವಾದ. ಅದರ ನಿಜವಾದ ಸಾಧನೆ ಕನ್ನಡದ ಉಲಿಗಳನ್ನು ಬಿಡಿಸಿ ಎಣಿಸಿದ್ದು.

ಲೆಕ್ಕ ನೋಡಿ. ಒಂಬತ್ತು ಸ್ವರ, ಒಂದೊಂದಕ್ಕೂ ಹ್ರಸ್ವ, ದೀರ್ಘ, ಪ್ಲುತ: 27. ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಒಟ್ಟು 64. ಈ ಕ್ರಮದಲ್ಲಿ ಎಣಿಸಿದರೆ ಅಕಾರ 1, ಮಕಾರ 52. ‘ಅಮ್ಮ’ ಎಂದು ಬರೆಯಲು 1, 52, 52, 1 ಸಾಕು. ಕಾಗುಣಿತವೂ ಬೇಡ, ಒತ್ತಕ್ಷರವೂ ಬೇಡ. ಟೈಪ್‌ರೈಟರಿನಲ್ಲಿ ಕನ್ನಡವನ್ನು ಕೂರಿಸಲು ತೊಡಕಾದದ್ದು ಇವೇ ಎರಡು. ಇಂದಿನ ಯೂನಿಕೋಡ್ ಅದೇ ಮಾತನ್ನು 3205, 3246, 3277, 3246 ಎಂದು ಇಡುತ್ತದೆ; ನಡುವಿನ 3277 ಒತ್ತು ಮೂಡಿಸುವ ಹಲಂತ ಚಿಹ್ನೆ. ಭೂವಲಯಕ್ಕೆ ಅದೂ ಬೇಕಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಂತೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಮದುವೆ ಕರೆಯೋಲೆಯೂ ಗುಪ್ತಲಿಪಿಯಾಗುತ್ತಿತ್ತು.

ಹಾಗಾದರೆ ಗುಟ್ಟೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅಂಕಿಯಲ್ಲಿಲ್ಲ, ಹಾದಿಯಲ್ಲಿದೆ. ವರ್ಣಮಾಲೆ ಬಲ್ಲವರು ಅಂಕಿಗೆ ಅಕ್ಷರ ಹೊಂದಿಸಬಲ್ಲರು. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬುದನ್ನು ಬಂಧ, ಅಂದರೆ ಓದುವ ಹಾದಿಯ ಕ್ರಮ, ತಿಳಿದವರೇ ಹೇಳಬೇಕು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ಕೃತಿಯಲ್ಲಿ 718 ಭಾಷೆಗಳಿವೆ ಎಂಬ ಮಾತಿಗೆ ಪುರಾವೆ ಎಲ್ಲಿ? ಕವಿಯನ್ನು 9ನೇ ಶತಮಾನಕ್ಕೆ ಒಯ್ಯುವವರಿದ್ದಾರೆ, ಭಾಷೆ ಅಷ್ಟು ಹಳೆಯದಲ್ಲ ಎನ್ನುವವರೂ ಇದ್ದಾರೆ. ಈ ಅನುಮಾನಗಳು ನ್ಯಾಯವಾದವೇ. ಆದರೆ ಕವಿ ಎಷ್ಟೇ ಈಚಿನವನಾದರೂ 64ರ ಲೆಕ್ಕ ಸುಳ್ಳಾಗುವುದಿಲ್ಲ. ಆದಿನಾಥ ತನ್ನ ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬ ಜೈನರ ನಂಬಿಕೆಯ ಎರಡು ವಿದ್ಯೆಗಳು ಇಲ್ಲಿ ಒಂದಾಗಿವೆ. ನೆಲಮಂಗಲ ತಾಲ್ಲೂಕಿನ ಮೇಷ್ಟ್ರುಗಳು ಒಂದೇ ಒಂದು ಚಕ್ರವನ್ನಾದರೂ ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳ ಕೈಯಲ್ಲಿ ಬಿಡಿಸಲಿ.