ಅಂಕೋಲೆಯ ತೀರದಲ್ಲಿ ಖಗ್ರಾಸ

ನಮ್ಮ ಕರಾವಳಿಯಲ್ಲಿ ಆಕಾಶದ ಮಂದಪ್ರಭೆಯನ್ನು ಛಾಯಾಚಿತ್ರದಲ್ಲಿ ಹಿಡಿದ ಚರಿತ್ರೆಯನ್ನು ಅರಸಹೊರಟರೆ ಗ್ರಹಣಗಳೇ ಮೊದಲು ಎದುರಾಗುತ್ತವೆ. ೧೮೭೧ರ ಡಿಸೆಂಬರ್ ೧೨ರಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಲ್ಲಿ, ನಾರ್ಮನ್ ಲಾಕಿಯರರ ತಂಡದವರು ಸೂರ್ಯನ ಪ್ರಭಾವಲಯದ ಚಿತ್ರಗಳನ್ನು ತೆಗೆದರು. ೧೯೮೦ರ ಫೆಬ್ರವರಿ ೧೬ರ ಅಪರಾಹ್ನ ಚಂದ್ರನ ನೆರಳು ಕಾರವಾರ, ಅಂಕೋಲೆಗಳ ತೀರವನ್ನು ಮುಟ್ಟಿ ರಾಯಚೂರಿನತ್ತ ಸಾಗಿತು.

ಹವ್ಯಾಸಿಗೆ ಇದು ಎಂತಹ ಸದವಕಾಶವೆಂಬುದನ್ನು ಹೋಲಿಕೆಯಿಂದ ತಿಳಿಯಬಹುದು. ಗ್ರಹೀಯ ನೀಹಾರಿಕೆಯ ಚಿತ್ರಕ್ಕೆ ದೂರದರ್ಶಕವು ಆಕಾಶದ ಚಲನೆಯನ್ನು ಬಹಳ ಹೊತ್ತು ತಪ್ಪದೆ ಅನುಸರಿಸಬೇಕು. ಪ್ರಭಾವಲಯದ ಬೆಳಕಾದರೋ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನದು, ಕ್ಷಣಾರ್ಧ ಸಾಕು. ಆದರೂ ಎರಡಕ್ಕೂ ಒಂದು ನಂಟುಂಟು. ಎರಡರ ರೋಹಿತದಲ್ಲೂ ಕಂಡ ಹಸುರು ರೇಖೆಗಳಿಗಾಗಿ ೧೯ನೆಯ ಶತಮಾನದವರು ‘ಕೊರೋನಿಯಂ’, ‘ನೆಬ್ಯುಲಿಯಂ’ ಎಂಬ ಇಲ್ಲದ ಧಾತುಗಳನ್ನು ಕಲ್ಪಿಸಿದ್ದರು. ನೀಹಾರಿಕೆಯದು ಆಮ್ಲಜನಕದ ರೇಖೆಯೆಂದು ೧೯೨೭ರಲ್ಲಿ ಬೋವೆನ್, ಸೂರ್ಯನದು ಅತ್ಯುಷ್ಣ ಕಬ್ಬಿಣದ್ದೆಂದು ಅನಂತರ ಎಡ್ಲೆನ್ ತೋರಿಸಿಕೊಟ್ಟರು.

೧೯೮೦ರಲ್ಲಿ ದೇಶದ ಅನೇಕ ಊರುಗಳಲ್ಲಿ ಜನರು ಕದವಿಕ್ಕಿ ಒಳಗುಳಿದರು. ಖಂಡಗ್ರಹಣವನ್ನು ಬರಿಗಣ್ಣಿನಿಂದ ನೋಡುವುದು ಅಪಾಯವೆಂಬುದು ನಿಜ. ಪೂರ್ಣಗ್ರಾಸದ ಆ ಎರಡು-ಮೂರು ನಿಮಿಷಗಳಲ್ಲಿ ಮಾತ್ರ ಆ ಭಯಕ್ಕೆ ಆಧಾರವಿಲ್ಲ. ಈ ನಷ್ಟ ಸಣ್ಣದೆಂದು ನಾವು ಎಣಿಸಲಾರೆವು. ೨೦೧೯ರ ಡಿಸೆಂಬರ್ ೨೬ರಂದು ಮಂಗಳೂರು, ಕಾಸರಗೋಡುಗಳಲ್ಲಿ ಕಂಡದ್ದು ಕಂಕಣಗ್ರಹಣ. ಅದರಲ್ಲಿ ಪ್ರಭಾವಲಯ ಕಾಣದು.